ಎಂಬತ್ತೇಳನೇ ಮೆಟ್ಟಿಲು

ವಾಲ್ಪರೈಸೊ. ಬಂದರಿನ ಆಸ್ಪತ್ರೆ. ಸೋಮವಾರ.
ಟ್ರೆಡ್‌ಮಿಲ್ ಇಳಿದು ಬಂದ ದೋನ್ ನಿಬಾಲ್ದೋ
ಕೊರಳ ಬೆವರನ್ನು ಟೋಪಿಯಲ್ಲೇ ಒರೆಸಿಕೊಂಡು
ನನ್ನೆದುರು ಕೂತರು.
ನನ್ನ ಕೈಲಿ ಮೂರು ಪುಟದ ಪ್ರಶ್ನೆಗಳು.

ಕಳೆದೆರಡು ವಾರದಲ್ಲಿ ಎಷ್ಟು ಸಲ ಬೇಸರವಾಯಿತು?
ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ.
"ಯಾರ ಮೇಲೆ?" ಅಂದರು.
ನಾನು ನಗಬಾರದು. ತರಬೇತಿಯಲ್ಲಿ ಹೇಳಿದ್ದಾರೆ:
ಓದಿ ಹೇಳು, ವಿವರಿಸಬೇಡ, ತಲೆಯಾಡಿಸಬೇಡ.

ಒಂದು ಮಹಡಿ ಮೆಟ್ಟಿಲು ನಿಲ್ಲದೆ ಹತ್ತಬಲ್ಲಿರಾ?
ಅವರು ಕಿಟಕಿಯತ್ತ ನೋಡಿದರು.
ಆಚೆ ಬೆಟ್ಟಗಳು, ಬೆಟ್ಟಕ್ಕೆ ಕಚ್ಚಿಕೊಂಡ ತಗಡಿನ ಮನೆಗಳು,
ಹಳದಿ, ಗಿಣಿಹಸಿರು, ಹಡಗಿಗೆ ಬಳಿದು ಮಿಕ್ಕ ಬಣ್ಣ.
"ಒಂದು ಮಹಡಿ ಅಂದರೆ ಎಷ್ಟು, ಮಗೂ?
ನಮ್ಮನೆಗೆ ನೂರಾ ಅರವತ್ತೆರಡು."

ಬೆಟ್ಟದ ಹಳಿಲಿಫ್ಟಿಗೆ ಮೂವತ್ತೊಂದು ವರ್ಷ
ಅವರದೇ ಕೈ. ಸನ್ನೆ ಒತ್ತಿದರೆ
ಒಂದು ಡಬ್ಬಿ ಮೇಲೆ, ಒಂದು ಕೆಳಗೆ;
ಇಡೀ ಕೇರಿಯನ್ನು ಮೆಟ್ಟಿಲು ಮುಟ್ಟಿಸದೆ ಏರಿಸಿದವರು.
ಹಗ್ಗ ಸವೆಯಿತು, ಲಿಫ್ಟಿಗೆ ಬೀಗ ಬಿತ್ತು.
ಮರುವರ್ಷ ಎದೆ.

ಹಾಳೆಗೆ ಇದೆಲ್ಲ ಬೇಡ.
"ನಿಲ್ಲುತ್ತೇನೆ. ಎಂಬತ್ತೇಳರಲ್ಲಿ."
ನಾನು ಗೀಟೆಳೆದೆ: ತುಂಬಾ ತೊಂದರೆ.
ನೂರಕ್ಕೆ ನಲವತ್ತೊಂದು.

ಹನ್ನೆರಡು ವಾರ. ಸೈಕಲ್ಲು, ರಬ್ಬರ್ ಪಟ್ಟಿ,
ಉಪ್ಪಿಲ್ಲದ ಊಟದ ಮೇಲೆ ಭಾಷಣ.
ಆರು ನಿಮಿಷದ ನಡಿಗೆಯಲ್ಲಿ
ಕಾರಿಡಾರಿನ ಈ ತುದಿ, ಆ ತುದಿ, ಈ ತುದಿ,
ನಾನೂರ ತೊಂಬತ್ತು ಮೀಟರು. ಡಾಕ್ಟರು ಭುಜ ತಟ್ಟಿದರು.

ಮತ್ತೆ ಅದೇ ಹಾಳೆ.
ನಿದ್ದೆ? ಬರುತ್ತದೆ.
ಸಾವಿನ ಭಯ? ಶುಕ್ರವಾರ ಮಾತ್ರ.
ಶುಕ್ರವಾರಕ್ಕೆ ನನ್ನಲ್ಲಿ ಚೌಕವಿಲ್ಲ.
ಮೆಟ್ಟಿಲಲ್ಲಿ ನಿಲ್ಲುತ್ತೀರಾ?
"ಹೂಂ. ಎಂಬತ್ತೇಳರಲ್ಲಿ."
ಇನ್ನೂ ಉಸಿರು ಕಟ್ಟುತ್ತದೆಯೇ?

"ಉಸಿರೇನೋ ನೆಟ್ಟಗಿದೆ."
ಮಂಡಿಯ ಮೇಲೆ ಟೋಪಿ ಒಂದು ಸುತ್ತು ತಿರುಗಿತು.
"ಅಲ್ಲೊಂದು ನೀಲಿ ಬಾಗಿಲು. ಕ್ಲೊದೊಮಿರಾ ಅಂತ.
ಮೊದಲ ಸಲ ಅಲ್ಲಿ ಕುಸಿದು ಕೂತಾಗ ನೀರು ಕೊಟ್ಟಳು.
ಎರಡನೇ ಸಲ ಟೀ.
ಈಗ ನನ್ನದೇ ಒಂದು ಲೋಟ ಮೊಳೆಗೆ ತೂಗುಹಾಕಿದ್ದಾಳೆ.
ನಾನು ಏದುಸಿರು ಬಿಡುತ್ತಲೇ ಬಾಗಿಲು ತಟ್ಟುತ್ತೇನೆ.
ಅವಳಿಗೆ ಹೇಳಬೇಡ."

ನಿಂತವರಿಗೆ ಅಂಕ ಕಡಿಮೆ. ನಿಯಮ.
ಪೆನ್ನು ಎತ್ತಿ ಹಿಡಿದೇ ಕೂತೆ.
ಕೊನೇ ಪುಟದಡಿ 'ಇತರೆ' ಎಂದು ಅರ್ಧ ಗೆರೆ ಜಾಗ;
ಅಲ್ಲಿ ಬರೆದದ್ದನ್ನು ಕಂಪ್ಯೂಟರು ಓದುವುದಿಲ್ಲ.
ಬರೆದೆ: ಒಂದು ಲೋಟ, ಮೊಳೆಗೆ.

ಒಟ್ಟು ಅರವತ್ತಮೂರು.
ಪ್ರಗತಿ ಸಾಧಾರಣ ಎಂದು ಪರದೆ ಹೇಳಿತು.
ದೋನ್ ನಿಬಾಲ್ದೋ ಆಗಲೇ
ಟೋಪಿ ಹಾಕಿಕೊಂಡು
ಗಡಿಯಾರ ನೋಡುತ್ತಿದ್ದರು.