ಗಲಗಲ

ಹಿಲೊ ಊರಲ್ಲಿ ಮಳೆ ನಿಲ್ಲುವುದೆಂದರೆ
ಯಾರೋ ಮಾತಿನ ಮಧ್ಯೆ ಉಗುಳು ನುಂಗಿದಷ್ಟೇ ಹೊತ್ತು.
ಆ ಹೊತ್ತಲ್ಲೇ ಒಳಗೆ ಬಂದರು ಯುಸೇಬಿಯಾ ಅಗ್ಬಯಾನಿ,
ಎಂಬತ್ತಾರು ವರ್ಷ, ರಬ್ಬರ್ ಚಪ್ಪಲಿ,
ಅಕ್ಕಿಚೀಲದಲ್ಲಿ ಸುತ್ತಿದ್ದ ಉಕುಲೆಲೆ ಮೇಜಿನ ಮೇಲಿಟ್ಟು
"ಬೆನ್ನು ಸೀಳಿದೆ. ಅದನ್ನಷ್ಟೇ ಕೂಡಿಸು.
ಒಳಗೇನೋ ಗಲಗಲ ಅನ್ನುತ್ತೆ,
ಅದನ್ನು ಮುಟ್ಟಬೇಡ" ಅಂದರು.

ಕನ್ನಡಿ ತೂರಿಸಿ ನೋಡಿದೆ. ನನ್ನಜ್ಜನ ಚೀಟಿ:
ಗೌವೇಯಾ, ಹಿಲೊ.
ಇಸವಿಯ ಕೊನೆಯ ಅಂಕಿ ಹುಳ ತಿಂದಿದೆ.

ಅಜ್ಜನ ಅಪ್ಪ ಮದೀರಾ ದ್ವೀಪದ ಬಡಗಿ.
ನಾಲ್ಕು ತಿಂಗಳ ಹಡಗು, ಮೂರು ವರ್ಷದ ಕರಾರು.
ಕಬ್ಬಿಗೆ ಬೇಕಾದದ್ದು ತೋಳು,
ಅವನ ಪೆಟ್ಟಿಗೆಯಲ್ಲಿದ್ದದ್ದು ಉಳಿ.
ಹಡಗು ದಡ ಮುಟ್ಟಿದಾಗ ಯಾವನೋ ಒಬ್ಬ
ಬದುಕಿ ಬಂದ ಖುಷಿಗೆ ಪುಟ್ಟ ಗಿಟಾರು ತೆಗೆದು
ಕಟಕಟೆಗೆ ಒರಗಿ ಬಾರಿಸಿದನಂತೆ.
ದಡದಲ್ಲಿದ್ದವರಿಗೆ ಕಂಡದ್ದು ಬೆರಳಲ್ಲ,
ನೆಗೆಯುವ ಚಿಗಟ.
ಹೆಸರು ಹುಟ್ಟಿದ್ದು ಹಾಗೆ ಅನ್ನುತ್ತಾರೆ.
ಅಲ್ಲ, ಉಕು ಎಂದರೆ ಉಡುಗೊರೆ, ಲೆಲೆ ಎಂದರೆ ಬಂದದ್ದು
ಅಂದಳಂತೆ ಒಬ್ಬ ರಾಣಿ.
ರಾಣಿಯ ಅರ್ಥ ಅರಮನೆಗಾಯಿತು, ಚಿಗಟ ಊರಿಗಾಯಿತು.
ನಮ್ಮ ಮನೆಯಲ್ಲಿ ಎರಡೂ ಇದ್ದವು,
ಚಿಗಟವೇ ಹೆಚ್ಚು.

ಕರಾರು ಮುಗಿಸಿದ ಬಡಗಿಗಳು ಕೋವಾ ಮರ ಸೀಳಿದರು.
ಕಡಲು ದಾಟುವ ದೋಣಿಯಾಗುತ್ತಿದ್ದ ಮರ
ಮಗುವಿನ ತೋಳಿಗೆ ಸಿಗುವಷ್ಟಾಯಿತು.
ಅರಮನೆಯ ಹುಲಾ ಕುಣಿತಕ್ಕೆ ಶ್ರುತಿ ಕೊಟ್ಟಿತು.
ಆಮೇಲೆ ಅರಮನೆಗೆ ಬೀಗ ಬಿತ್ತು, ಬಾವುಟ ಬದಲಾಯಿತು,
ವಾದ್ಯ ಮಾತ್ರ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಪ್ರದರ್ಶನಕ್ಕೆ ಹೋಗಿ
ಇಡೀ ಖಂಡಕ್ಕೆ ಹುಚ್ಚು ಹಿಡಿಸಿತು.
ಹುಲ್ಲುಲಂಗದ ಬೊಂಬೆಯ ಜೊತೆ
ಪ್ಲಾಸ್ಟಿಕ್ ಆಗಿ ವಾಪಸಾಯಿತು.
ಈಗ ವಿಮಾನ ನಿಲ್ದಾಣದಲ್ಲಿ ಹದಿನೈದು ಡಾಲರು.

ತಂತಿ ನಾಲ್ಕೇ. ತಗ್ಗಬೇಕಾದ ಮೇಲಿನದು ತಗ್ಗದೆ ಏರುತ್ತೆ,
ಮೊದಲ ಮೆಟ್ಟಿಲೇ ಎತ್ತರವಾದ ಹಾಗೆ.
ಹೊಸಬರು ಎಡವುತ್ತಾರೆ.

ಅಂಟು ಬಿಸಿ ಮಾಡುತ್ತಾ ಕೇಳಿದೆ: ಒಳಗಿರುವುದೇನು?

"ಅಪ್ಪನ ಹೆಸರು" ಅಂದರು.
"ತೋಟದವರು ಕೊಟ್ಟದ್ದು. ಹಿತ್ತಾಳೆ ಬಿಲ್ಲೆ,
ಮೂರು ಸಾವಿರದ ನೂರಾ ಹದಿನೇಳು.
ಕೊರಳಲ್ಲಿದ್ದರೆ ಕೂಲಿ, ತೋರಿಸಿದರೆ ಅಂಗಡಿಯಲ್ಲಿ ಸಾಲ.
ಇಲೊಕೊಸ್‌ನಿಂದ ತಂದ ಹೆಸರು
ಮೇಸ್ತ್ರಿಯ ನಾಲಿಗೆಗೆ ಹೊರಳುತ್ತಿರಲಿಲ್ಲ.
ಶನಿವಾರ ಸಂಜೆ ಸ್ನಾನ ಮಾಡಿ, ಬಿಲ್ಲೆ ಬಿಚ್ಚಿ
ಇದರ ಬಾಯೊಳಗೆ ಹಾಕಿಬಿಡುತ್ತಿದ್ದ.
ಆಮೇಲೇ ಬಾರಿಸುವುದು. ಅದೂ ಒಳಗೆ ಕುಣಿಯುತ್ತಿತ್ತು.
ಸೋಮವಾರ ನಸುಕಿಗೆ ತಲೆಕೆಳಗು ಮಾಡಿ
ಅಲ್ಲಾಡಿಸಿ, ಅಲ್ಲಾಡಿಸಿ ತೆಗೆಯುತ್ತಿದ್ದ.
ಆ ಸದ್ದಿಗೇ ನಮಗೆಲ್ಲ ಎಚ್ಚರ.

ನಲವತ್ತಾರರ ಸೆಪ್ಟೆಂಬರಿನಲ್ಲಿ ಮುಷ್ಕರ ಶುರುವಾಯಿತಲ್ಲ,
ಆ ಸೋಮವಾರ ನನಗೆ ಎಚ್ಚರವೇ ಆಗಲಿಲ್ಲ.
ಎದ್ದಾಗ ಬಿಸಿಲು ಚಾಪೆಯವರೆಗೆ ಬಂದಿತ್ತು.
ಅಪ್ಪ ಕಾಫಿ ಕುಡಿಯುತ್ತಾ ಕೂತಿದ್ದ,
ಕೊರಳು ಖಾಲಿ."

ಸೀಳು ಕೂಡಿಸಿ, ಕ್ಲ್ಯಾಂಪು ಬಿಗಿದು, ರಾತ್ರಿಯಿಡೀ ಬಿಟ್ಟೆ.
ಕನ್ನಡಿಯಲ್ಲಿ ಒಮ್ಮೆ ಕಂಡಿತು: ಹಸಿರುಗಟ್ಟಿ, ಮಗುಚಿ ಬಿದ್ದಿದೆ,
ಅಂಕಿ ಮರದ ಕಡೆಗೆ.

ಮರುದಿನ ಎಷ್ಟು ಅಂದರು. ಇಪ್ಪತ್ತು ಅಂದೆ.
ಹತ್ತು ಕೊಟ್ಟು ಒಂದು ಪಪಾಯಿ ಇಟ್ಟರು.
ಹೊರಗೆ ಮಳೆ ಮತ್ತೆ ಮಾತಿಗೆ ತೊಡಗಿತ್ತು.
ಅಕ್ಕಿಚೀಲವನ್ನು ತಲೆಗಲ್ಲ, ಅದಕ್ಕೇ ಹೊದೆಸಿ ನಡೆದರು,
ತಿರುವಿನವರೆಗೂ ಕೇಳುತ್ತಿತ್ತು.