ಪುತ್ತರಿಯ ಕೋವಿ

ಮೂರು ಪುತ್ತರಿ ಚೆಂಗಪ್ಪ ಜೀಪಿನೊಳಗೇ ಕಳೆದ,
ಗಾಜು ಏರಿಸಿ, ಕಿವಿಗೆ ಅಂಗೈ ಒತ್ತಿ.
ಜ್ವರ ಎಂದೆವು ಒಕ್ಕದವರಿಗೆ.
ಎಂದವನು ನಾನೇ,
ದೊಡ್ಡಪ್ಪ, ಕೋವಿ ಹಿಡಿಯುವವನು.

ಕಕ್ಕಡದ ಮಳೆಯಲ್ಲಿ ಒಂದು ರಾತ್ರಿ ಕೇಳಿದ:
“ನಾನಿಲ್ಲದಿದ್ದರೆ ನಿಮಗೆಲ್ಲ ಸಲೀಸಲ್ವಾ?”
ಹದಿನೇಳು ಅವನಿಗೆ.
ಟಾರ್ಚಿನ ಗುಂಡಿ ಒತ್ತುತ್ತಿದ್ದ, ಬಿಡುತ್ತಿದ್ದ.
ನನಗೆ ಮಾತು ಹೊಳೆಯದೆ
ಪಕ್ಕದಲ್ಲಿ ಕೂತೆ, ಬೆಳಗಿನವರೆಗೆ.

ಈ ಸಲ ಕಕ್ಕಬ್ಬೆಯ ಗದ್ದೆಗೆ ಬಂದಿದ್ದಾನೆ.
ಷರತ್ತು ಅವನದೇ:
ಹತ್ತರಿಂದ ಕೆಳಗೆ ಎಣಿಸುತ್ತೇನೆ, ಸೊನ್ನೆಗೆ ಹೊಡೆಯಿರಿ.

ಕುಡುಗೋಲು ಕದಿರಿನ ಬುಡದಲ್ಲಿ.
ಐದು. ನಾಲ್ಕು. ಮೂರು—
ನಿಂತ.
“ಮುಹೂರ್ತ ಮೀರುತ್ತೆ,” ಪಟ್ಟೆದಾರರು ಗೊಣಗಿ
ಅವರೂ ಸುಮ್ಮನಾದರು.
ಇಡೀ ಒಕ್ಕ, ನಾಯಿಗಳು,
ದುಡಿ ಬಾರಿಸದೆ ನಿಂತ ಕೈಗಳು,
ಮಂಜಿನಲ್ಲಿ ಹುಣ್ಣಿಮೆ.
ನನ್ನ ಬೆರಳು ಕುದುರೆಯ ಮೇಲೆ ಕಾಯುತ್ತಿದೆ
ಅವನ ಎರಡಕ್ಕೆ.