ಪ್ರಶ್ನೆ ಹದಿನಾಲ್ಕು

ಬನಹಟ್ಟಿಯಲ್ಲಿ ರೆಕಾರ್ಡಿಂಗು
ಕರೆಂಟು ಹೋದಾಗ ಮಾತ್ರ.
ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದಾಗ
ದಸ್ತಗೀರ ಇನ್ವರ್ಟರ್ ಗುಂಡಿ ಒತ್ತಿ ಬೆರಳೆತ್ತುತ್ತಾನೆ:
ಹಾಡ್ರಿ.

ಗೋಡೆ ತುಂಬ ಅವನ ತಾಯಿ ಹೊಲಿದ ಕೌದಿಗಳು, ಮೊಳೆ ಹೊಡೆದು.
ಇಳಕಲ್ ಸೆರಗು, ಸತ್ತವರ ಧೋತರ, ಯಾರದೋ ಕುಬಸದ ತೋಳು
ದನಿಯನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತವೆ.
ಮೂರನೇ ಅಧ್ಯಾಯದಲ್ಲಿ ಇದನ್ನು
ಸ್ಥಳೀಯ ತಂತ್ರಜ್ಞಾನ ಎಂದು ಬರೆದೆ.
ಗೈಡು ಕೆಂಪು ಶಾಯಿಯಲ್ಲಿ ಕೇಳಿದರು: ಆಧಾರ?

ನನ್ನ ವಿಷಯ, ಕಬ್ಬಿನ ಹಂಗಾಮಿನ ಟ್ರ್ಯಾಕ್ಟರ್ ಹಾಡು,
ಒಂದು ಉಪಸಂಸ್ಕೃತಿಯಾಗಿ.
ಫ್ಯಾಕ್ಟರಿ ಅಂಗಳದಲ್ಲಿ ಪಾಳಿ ಚೀಟಿ ಕಿಸೆಯಲ್ಲಿಟ್ಟು
ಎರಡನೇ ರಾತ್ರಿ ಕಾಯುತ್ತಿದ್ದ ತೇರದಾಳದ ಪರಗೊಂಡ
ಮಡ್‌ಗಾರ್ಡ್ ಮೇಲೆ ಕೂತು ಕೇಳಿದ:
'ಉಪ ಅಂದ್ರ? ಉಪಕಾಲುವಿ ಇದ್ದಂಗ?'
ಹೌದು ಎಂದೆ, ಬೇರೆ ಏನು ಹೇಳಲಿ.
'ಹಂಗಾರ ಬರಕೋರಿ,
ಹೊಲಕ್ಕ ನೀರು ಮುಟ್ಟೂದು ಅದರಿಂದನ.'

ಅವನ ಗಾಡಿಗೆ ಎಂಟು ಬಾಕ್ಸು.
ಬೇಸ್ ಹೊಡೆದರೆ ಲೋಡಿನಿಂದ ಒಂದೆರಡು ಕಬ್ಬು ಜಾರುತ್ತವೆ,
ಹುಡುಗರು ಹಿಂದೆ ಓಡುತ್ತಾರೆ, ಅವನು ಬೈಯುವುದಿಲ್ಲ.
'ಕೇಳಾಕ ಬಂದಾರ. ತಿಂದು ಹೋಗ್ಲಿ.'

ಫೋನು ಮುಂದೆ ಹಿಡಿದು ಪ್ರಶ್ನೆ ಹದಿನಾಲ್ಕನ್ನು ಓದಿದೆ,
ವಿಜಾಪುರದ ಹಾಸ್ಟೆಲಿನಲ್ಲಿ ತಿದ್ದಿಕೊಂಡ ಶುದ್ಧ ಕನ್ನಡದಲ್ಲಿ:
ಈ ಹಾಡುಗಳಲ್ಲಿ ನಿಮ್ಮ ಅಸ್ಮಿತೆ ಎಲ್ಲಿದೆ?
ಬಹಳ ಹೊತ್ತು ಯೋಚಿಸಿದ.
'ಅಸ್ಮಿತಾ ಯಾರ್ರೀ? ನಿಮ್ಮ ಗೆಳತೇನು?'
ಪಾಳಿಯವರೆಲ್ಲ ನಕ್ಕರು. ನಾನೂ ನಕ್ಕೆ.
ಆಮೇಲೆ ಬಾಡಿಗೆ ರೂಮಿಗೆ ಬಂದು
ಅದನ್ನೇ ಹನ್ನೊಂದು ಸಲ ಕೇಳಿದೆ.
ಬೀಳಗಿಯ ನಮ್ಮ ಮನೆಯಲ್ಲಿ ಯಾರೂ ಎಲ್ಲಿದೆ ಅನ್ನುವುದಿಲ್ಲ.
ಎಲ್ಲೈತಿ ಅನ್ನುತ್ತೇವೆ,
ಕಳೆದ ಕೀಲಿಗೂ, ಕಳೆದವರಿಗೂ.

ಗದ್ದಲ ತೆಗೆದುಕೊಡು ಎಂದು ಆ ಫೈಲನ್ನು
ದಸ್ತಗೀರನಿಗೆ ಕೊಟ್ಟಿದ್ದೆ.
'ಸಿನಿಮಾದಾಗ ನಮ್ಮಂಗ ಮಾತಾಡಾವ
ನಗಸಾಕ ಬರ್ತಾನ, ಇಲ್ಲಾ ಹೊಡತಾ ತಿನ್ನಾಕ.
ಹಾಡಿನ್ಯಾಗಾರ ಅವಗ ಒಂದ್ ಹುಡುಗಿ ಕೈ ಕೊಡ್ಲಿ ಬಿಡ್ರಿ,
ಮನಸು ತುಂಬ ಅಳವಲ್ನ್ಯಾಕ,' ಎನ್ನುತ್ತಲೇ ಮೌಸು ಆಡಿಸಿದ.
ಗದ್ದಲ ತೆಗೆದ.
ನನ್ನನ್ನು ಇಟ್ಟುಕೊಂಡ.

ಸಂಕ್ರಮಣ ಮುಗಿದಿತ್ತು. ಮಹಾಲಿಂಗಪುರ ಕ್ರಾಸಿನಲ್ಲಿ
ಚಹಾದ ಗ್ಲಾಸು ಮೊದಲು ನಡುಗಿತು, ಆಮೇಲೆ ಬೆಂಚು.
ಡಬಲ್ ಟ್ರೇಲರ್ ತಿರುಗುವಾಗ ನನ್ನದೇ ದನಿ,
ಎರಡು ಸ್ವರ ಮೇಲೆ, ಚಿಪ್ಪಿನಂತೆ ಒಡೆದು ಒಡೆದು:
ಎಲ್ಲಿದೆ ಎಲ್ಲಿದೆ ಎಲ್ಲಿ ಎಲ್ಲಿ ಎಲ್
ಹಿಂದೆಯೇ ಡೊಳ್ಳು, ಅದರ ಬೆನ್ನಿಗೆ ಪರಗೊಂಡನ ಗಂಟಲು:
'ಪಾಳಿ ಮುಗದೋತ, ಲೋಡು ಖಾಲಿ ಆತ,
ಅಸ್ಮಿತಾ, ನೀ ಯಾವೂರಾಕಿ?'
ಚಹಾದಂಗಡಿಯ ಹುಡುಗ ಬಟ್ಟೆಯಿಂದ ಟೇಬಲ್ ಒರೆಸುತ್ತಾ
ಬಾಯಿಪಾಠ ಹಾಡಿದ.

ಅಡಿಟಿಪ್ಪಣಿಯಲ್ಲಿ ಏನು ಬರೆಯಲಿ?
ಮಾಹಿತಿದಾರರು: ನಾನು.
ವಯಸ್ಸು ಇಪ್ಪತ್ತೊಂಬತ್ತು. ಊರು
ಇಲ್ಲಿಗೆ ಬಂದು ಪೆನ್ನು ನಿಲ್ಲುತ್ತದೆ.

ನಿನ್ನೆ ಸಾಬವ್ವ ಫೋನ್ ಮಾಡಿದ್ದಳು.
ಅವಳ ತಾಯಿ ನಾಗೇಶಿ ಮೇಳದಾಕೆ. ಹೆಣ್ಣೇ ಹೆಚ್ಚೆಂದು ವಾದಿಸಿ
ಬೆಳತನಕ ಹರದೇಶಿಯವರನ್ನು ಕೂರಗೊಡುತ್ತಿರಲಿಲ್ಲವಂತೆ.
ಇವಳೀಗ ಒಂದು ಹಾಡಿಗೆ ಎರಡು ಸಾವಿರ ತೆಗೆದುಕೊಂಡು
ಕೌದಿಗಳ ನಡುವೆ ನಿಂತು ಜವಾಬು ಕೊಡುತ್ತಾಳೆ.
'ಆ ಪರಗೊಂಡ ಕೇಳಿ ಕೇಳಿ ಊರು ತುಂಬಸ್ಯಾನ.
ಅಸ್ಮಿತಾ ಸುಮ್ಕ ಇದ್ರ ಹೆಂಗ?
ನನ್ನ ಗಂಟಲು ಕಟ್ಟೈತಿ, ನೀವ ಬರ್ರಿ.
ಕಾಗದ ತರಬ್ಯಾಡ್ರಿ.'

ಮಧ್ಯಾಹ್ನ ಎರಡೂಕಾಲು.
ಗೋಡೆಯಾಚೆ ಮಗ್ಗ ಖಟಾಖಟಿ ಹೊಡೆಯುತ್ತಲೇ ಇದೆ.
ಪ್ರಶ್ನಾವಳಿ ಮಡಚಿ ಹಾಸಿಗೆಯ ಕೆಳಗಿಟ್ಟು
ಮೇಲೆ ನೋಡುತ್ತ ಮಲಗಿದ್ದೇನೆ,
ಫ್ಯಾನು ಯಾವಾಗ ನಿಲ್ಲತೈತಿ ಅಂತ.